ಮೊದಲು ಪನ್ನ ಕೇಳಿ, ಆಮೇಲೆ ಮೀಟರ್

ಚಿತ್ರದುರ್ಗದಿಂದ ದಾವಣಗೆರೆಗೆ ಬಟ್ಟೆ ತರಲು ಹೋದ ದಿನ ಬಟ್ಟೆ ಅಂಗಡಿಯ ಮೆಟ್ಟಿಲನ್ನು ಮೊದಲು ಹತ್ತಬಾರದು. ನಾಲ್ಕು ಜನ ಗೆಳತಿಯರು ಹೊರಟರೆ ಪ್ರತಿಯೊಬ್ಬರಿಗೂ ಬಟ್ಟೆಯ ಜೊತೆಗೊಂದು ಬಾಲ ಇದ್ದೇ ಇರುತ್ತದೆ. ಒಬ್ಬಳ ಸೀರೆಗೆ ಫಾಲ್ ಹಚ್ಚಿಸಬೇಕು, ಇನ್ನೊಬ್ಬಳ ದುಪಟ್ಟಾಕ್ಕೆ ಬಣ್ಣ ಹಾಕಿಸಬೇಕು, ಮತ್ತೊಬ್ಬಳ ಮಿಕ್ಸಿ ಜಾರಿನ ಬ್ಲೇಡ್ ಸವೆದಿರುತ್ತದೆ. ಕೊಟ್ಟು ಕಾಯುವ ಕೆಲಸಗಳು ಬೆಳಿಗ್ಗೆ, ನೋಡಿ ಆರಿಸುವ ಕೆಲಸ ಮಧ್ಯಾಹ್ನದೊಳಗೆ, ಹೊತ್ತು ತಿರುಗಬೇಕಾದದ್ದು ಕೊನೆಗೆ. ಈ ಕ್ರಮ ತಪ್ಪಿದರೆ ಸಂಜೆ ಬಸ್ ಹತ್ತುವಾಗ ಅರ್ಧ ಕೆಲಸ ಅಲ್ಲೇ ಉಳಿದಿರುತ್ತದೆ.

ದಾರಿ ಸುಮಾರು ಅರವತ್ತು ಕಿಲೋಮೀಟರ್. ರೈಲಿನ ಯೋಚನೆ ಬೇಡ, ಅದು ಚಿಕ್ಕಜಾಜೂರು ಸುತ್ತಿಕೊಂಡು ಹೋಗುತ್ತದೆ. ಭರಮಸಾಗರದ ಮೇಲೆ ಹೋಗುವ ಬಸ್ಸೇ ವಾಸಿ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಮಾತ್ರ ಕೈಯಲ್ಲಿರಬೇಕು. ಪೇಟೆಯ ಷಟರ್‌ಗಳು ಏಳುವುದು ಹತ್ತರ ಹೊತ್ತಿಗೆ. ಅಷ್ಟರೊಳಗೆ ಇಳಿದಿದ್ದರೆ ಮೊದಲ ಗಿರಾಕಿ ನೀವೇ.

ಮೊದಲು ದುಪಟ್ಟಾ. ಬಣ್ಣ ಹಾಕುವವರ ಹತ್ತಿರ ಕೊಡುವ ಮುಂಚೆ ಅದು ಯಾವ ನೂಲಿನದು ಎಂದು ತಿಳಿದಿರಬೇಕು. ಹತ್ತಿ, ರೇಷ್ಮೆ, ವಿಸ್ಕೋಸ್ ಕುದಿಯುವ ಪಾತ್ರೆಯಲ್ಲಿ ಬಣ್ಣ ಹೀರುತ್ತವೆ. ಪಾಲಿಯೆಸ್ಟರ್ ಹೀರುವುದಿಲ್ಲ. ಅದಕ್ಕೆ ಒತ್ತಡದ ಯಂತ್ರದಲ್ಲಿ 130 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು, ಬೀದಿಬದಿಯ ಒಲೆಯ ಮೇಲೆ ಅದು ಆಗದ ಮಾತು. ಅನುಮಾನ ಇದ್ದರೆ ಅಂಚಿನಿಂದ ಒಂದೆಳೆ ಕಿತ್ತು ಬೆಂಕಿ ತಾಗಿಸಿ: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ಹಾಗೆ ನಾರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇಷ್ಟಾದರೂ ಅಂಚು ಹೊಲಿದ ದಾರ ಪಾಲಿಯೆಸ್ಟರ್ ಆಗಿದ್ದರೆ ದುಪಟ್ಟಾ ನೀಲಿಯಾಗಿ ಅಂಚು ಬೆಳ್ಳಗೇ ಉಳಿಯುತ್ತದೆ. ಆ ತಪ್ಪು ಬಣ್ಣದವರದಲ್ಲ.

ಸೀರೆ ಕೊಡುವಾಗ ಬ್ಲೌಸ್ ಪೀಸನ್ನು ಮೊದಲೇ ಕತ್ತರಿಸಿಕೊಳ್ಳಿ. ತುದಿಗಳ ಎಳೆ ಬಿಚ್ಚದಂತೆ ಹಾಕುವ ಜಿಗ್‌ಜಾಗ್ ಹೊಲಿಗೆ ಆದ ಮೇಲೆ ಕತ್ತರಿಸಿದರೆ ಆ ತುದಿಗೆ ಮತ್ತೊಮ್ಮೆ ಕಾಸು. ಫಾಲ್ ಬಟ್ಟೆ ಸುಮಾರು ಎರಡೂವರೆ ಮೀಟರಿನ ಹತ್ತಿಯ ಪಟ್ಟಿ. ಅದನ್ನು ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ ಸೀರೆಯ ಅಂಚನ್ನು ಸುರುಟಿಸುತ್ತದೆ. ಹಾಗಾಗಿ ನಾವು ಫಾಲ್ ಮನೆಯಲ್ಲೇ ನೆನೆಸಿ, ಇಸ್ತ್ರಿ ಮಾಡಿ ಒಯ್ಯುವವರು. ಎರಡು ಅಂಚು ಬೇರೆ ಬೇರೆ ಇದ್ದರೆ ಯಾವುದು ಕೆಳಗೆ ಎಂದು ಪಿನ್ನು ಚುಚ್ಚಿ ತೋರಿಸಬೇಕು. ರೇಷ್ಮೆಗೆ ಕೈಹೊಲಿಗೆಯೇ ಆಗಬೇಕು, ಮಿಷನ್ ಹೊಲಿಗೆ ಎಳೆದು ಸುಕ್ಕು ಹಿಡಿಸುತ್ತದೆ.

ಇನ್ನು ಬಟ್ಟೆ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಗಿರಣಿ ಸದ್ದು ನಿಂತರೂ ಬಟ್ಟೆ ವ್ಯಾಪಾರದ ಕೈ ನಿಂತಿಲ್ಲ. ಮಂಡಿಪೇಟೆ, ಚೌಕಿಪೇಟೆಯ ಕಡೆ ಒಂದು ಸುತ್ತು ಬಂದರೆ ಮದುವೆ ಜವಳಿಯಿಂದ ಲೈನಿಂಗ್‌ವರೆಗೆ ಸಿಗುತ್ತದೆ. ಅಂಗಡಿಯವರು "ಅಕ್ಕಾ, ಎಷ್ಟು ಮೀಟರ್ ಕತ್ತರಿಸ್ಲಿ?" ಅನ್ನುತ್ತಾರೆ. ಅದಕ್ಕೆ ಉತ್ತರ "ಅಣ್ಣಾ, ಪನ್ನ ಎಷ್ಟು?" ಎಂಬ ಪ್ರಶ್ನೆ. ಪನ್ನ ಅಂದರೆ ಬಟ್ಟೆಯ ಅಗಲ, ಅದು ಗೊತ್ತಿಲ್ಲದೆ ಮೀಟರ್ ಹೇಳುವುದು ಕಣ್ಣು ಮುಚ್ಚಿ ಉಪ್ಪು ಹಾಕಿದ ಹಾಗೆ. ಪೂರ್ತಿ ತೋಳಿನ ಶರ್ಟಿಗೆ 36 ಇಂಚಿನ ಪನ್ನದಲ್ಲಿ ಎರಡೂವರೆ ಮೀಟರ್ ಬೇಕು, 58 ಇಂಚಿನದಾದರೆ 1.6 ಸಾಕು. ಚೂಡಿದಾರದ ಟಾಪ್‌ಗೆ 44 ಇಂಚಿನಲ್ಲಿ ಎರಡೂವರೆ, 58ರಲ್ಲಿ ಒಂದೂಮುಕ್ಕಾಲು, ಯಾಕೆಂದರೆ ಅಷ್ಟು ಅಗಲದಲ್ಲಿ ಮುಂಭಾಗ ಹಿಂಭಾಗ ಅಕ್ಕಪಕ್ಕ ಕೂರುತ್ತವೆ. ಬ್ಲೌಸಿಗೆ ಗಿಡ್ಡ ತೋಳಾದರೆ 80 ಸೆಂಟಿಮೀಟರ್, ಮುಕ್ಕಾಲು ತೋಳಾದರೆ ಒಂದು ಮೀಟರ್. ದೊಡ್ಡ ಚೌಕುಳಿ ಇದ್ದರೆ, ಅಥವಾ ಒಂದೇ ದಿಕ್ಕಿಗೆ ನಿಂತ ಹೂವಿದ್ದರೆ ಕಾಲು ಮೀಟರ್ ಹೆಚ್ಚು ತೆಗೆದುಕೊಳ್ಳಿ. ಅಂಥದ್ದನ್ನು ದರ್ಜಿ ತಲೆಕೆಳಗು ಮಾಡಿ ಜೋಡಿಸಲಾರ.

ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದು ಕುಗ್ಗುವುದುಂಟು. ಎರಡೂವರೆ ಮೀಟರಿನಲ್ಲಿ ಐದು ಅಂದರೆ ಹನ್ನೆರಡು ಸೆಂಟಿಮೀಟರ್ ಮೇಲೆ, ಟಾಪಿನ ಉದ್ದದ ಲೆಕ್ಕವೇ ಕೆಡುತ್ತದೆ. ಲೈನಿಂಗ್‌ನ ಕಥೆ ಇನ್ನೂ ಕೆಟ್ಟದ್ದು: ಹೊರಬಟ್ಟೆ ಹಾಗೇ ಇದ್ದು ಒಳಗಿನದು ಮಾತ್ರ ಕುಗ್ಗಿದರೆ ಕಂಕುಳಿನ ಹತ್ತಿರ ನಿರಿಗೆ ಬಿದ್ದು ಬ್ಲೌಸ್ ಜಗ್ಗುತ್ತದೆ. ದರ್ಜಿಗೆ ಕೊಡುವ ಮುಂಚೆ ರಾತ್ರಿಯಿಡೀ ನೆನೆಸಿ, ನೆರಳಲ್ಲಿ ಒಣಗಿಸಿ ಕೊಡಬೇಕು.

ಮ್ಯಾಚಿಂಗಿಗೆ ಸೀರೆಯನ್ನೇ ಒಯ್ಯಿರಿ, ಫೋನಿನ ಫೋಟೋ ನಂಬಬೇಡಿ. ಅಂಗಡಿಯ ಬಲ್ಬಿನಡಿ ಒಂದೇ ಅನ್ನಿಸಿದ ಎರಡು ಹಸಿರು ಬಾಗಿಲ ಬಿಸಿಲಲ್ಲಿ ದಾಯಾದಿಗಳಾಗುತ್ತವೆ. ಬಣ್ಣ ಬಿಡುತ್ತದೋ ಎಂದು ಒದ್ದೆ ಬಿಳಿ ಕರ್ಚೀಫಿನಿಂದ ಮೂಲೆಯನ್ನು ಉಜ್ಜಿ ನೋಡಿ. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿದಾಗ ಪುಡಿ ಉದುರಿದರೆ ಆ ಮೈಕಟ್ಟು ಗಂಜಿಯದು, ಒಗೆದರೆ ಜಾಳುಜಾಳು. ಅಂಚಿಗೆ ದಾರ ಕಟ್ಟಿದ್ದು ಕಂಡರೆ ಆ ಸಾಲಿನಲ್ಲಿ ನೇಯ್ಗೆಯ ದೋಷ ಇದೆ ಎಂಬ ಗುರುತು. ಕತ್ತರಿ ಹಾಕಿದ ಮೇಲೆ ವಾಪಸಿಲ್ಲ, ಆದ್ದರಿಂದ ಥಾನಿನಲ್ಲಿ, ಅಂದರೆ ಕತ್ತರಿಸದ ಇಡೀ ಸುರುಳಿಯಲ್ಲಿ ಇರುವಾಗಲೇ ಬೆಳಕಿಗೆ ಹಿಡಿದು ನೋಡಿ. ಕ್ರೇಪಿನಂಥ ಜಗ್ಗುವ ಬಟ್ಟೆಯನ್ನು ಗಜದ ಕೋಲಿಗೆ ಎಳೆದು ಅಳೆದರೆ ಮನೆಗೆ ಬರುವಷ್ಟರಲ್ಲಿ ಗಿಡ್ಡವಾಗಿರುತ್ತದೆ, ಮೇಜಿನ ಮೇಲೆ ಸಡಿಲ ಹಾಸಿ ಅಳೆಯಿರಿ ಅನ್ನಲು ನಾಚಿಕೆ ಬೇಡ. ನಾಲ್ವರೂ ಒಂದೇ ಬಣ್ಣ ತೊಡುವುದಿದ್ದರೆ ಒಂದೇ ಥಾನಿನಿಂದ ಒಟ್ಟಿಗೆ ಕತ್ತರಿಸಿಕೊಳ್ಳಿ, ಮುಂದಿನ ಲಾಟಿನಲ್ಲಿ ಬಣ್ಣ ಒಂದು ಕೂದಲು ಬೇರೆಯಾಗುತ್ತದೆ.

ಚಿತ್ರದುರ್ಗದವರು ಕೈಮಗ್ಗದ ರೇಷ್ಮೆ ಸೀರೆಗಾಗಿ ದಾವಣಗೆರೆಗೆ ಹೋಗುವುದು ನನಗಂತೂ ಒಪ್ಪಿಗೆಯಿಲ್ಲ. ಭೌಗೋಳಿಕ ಸೂಚಕ ಪಡೆದ ಮೊಳಕಾಲ್ಮೂರು ಸೀರೆ ನಮ್ಮ ಜಿಲ್ಲೆಯಲ್ಲೇ ನೇಯುತ್ತಾರೆ. ಅದಕ್ಕೆ ಬೇರೆಯೇ ಒಂದು ದಿನ ಇಡಿ.

ಬೆಣ್ಣೆ ದೋಸೆ ಬಿಡಲಾಗುವುದಿಲ್ಲ, ಸರಿ. ಆದರೆ ಜವಳಿ ಮುಗಿದ ಮೇಲೆ ತಿನ್ನಿ. ಬೆಣ್ಣೆಯ ಬೆರಳು ಕರ್ಚೀಫಿಗೆ ಒರೆಸಿದರೆ ಹೋಗುವಂಥದ್ದಲ್ಲ, ತಿಳಿಬಣ್ಣದ ರೇಷ್ಮೆಯ ಮೇಲೆ ಕೂತರೆ ಡ್ರೈಕ್ಲೀನಿಂಗೇ ಗತಿ. ಆಷಾಢದ ರಿಯಾಯಿತಿಯಲ್ಲಿ ಹೋದರೆ ದರ ಇಳಿದಿರುತ್ತದೆ, ಆದರೆ ಕಟ್ ಪೀಸ್ ರಾಶಿಯಲ್ಲಿ ಬರೆದಷ್ಟು ಅಳತೆ ಇದೆಯೋ ಎಂದು ಟೇಪು ಹಿಡಿದೇ ನೋಡಬೇಕು.

ಸಂಜೆ ಕೊಟ್ಟದ್ದನ್ನೆಲ್ಲ ವಾಪಸು ಪಡೆಯುವ ಹೊತ್ತು. ಮಿಕ್ಸಿ ಜಾರಿಗೆ ಅಲ್ಲೇ ನೀರು ಹಾಕಿ ತಿರುಗಿಸಿ ನೋಡಿ, ಬುಡದಲ್ಲಿ ತೊಟ್ಟಿಕ್ಕಿದರೆ ವಾಷರ್ ಸರಿ ಕೂತಿಲ್ಲ. ದುಪಟ್ಟಾವನ್ನು ಪೂರ್ತಿ ಬಿಚ್ಚಿ, ಮಡಿಕೆ ಇದ್ದ ಕಡೆ ಬಣ್ಣ ಮಚ್ಚೆಯಾಗಿದೆಯೋ ನೋಡಿ ದುಡ್ಡು ಕೊಡಿ. ಅದು ಇನ್ನೂ ಹಸಿ ಇರುತ್ತದೆ, ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಕೈಯಲ್ಲೇ ಹಿಡಿಯಿರಿ. ಹೊಸ ಬಟ್ಟೆಗಳ ಚೀಲಕ್ಕೆ ಹಾಕಿದರೆ ಭರಮಸಾಗರ ದಾಟುವಷ್ಟರಲ್ಲಿ ಬಿಳಿ ಲೈನಿಂಗ್ ಕೂಡ ನೀಲಿಯಾಗಿರುತ್ತದೆ.