ಆರರಿಂದ ನಾಲ್ಕಕ್ಕೆ: ಮಾಸ್ಟರ್ಸ್ ಈಜು ಕೂಟದ ಎಂಟ್ರಿ ಲೆಕ್ಕ

10 ವಾರ ಮುಂಚೆ

ಒಂದೇ ದಿನದ ಮಾಸ್ಟರ್ಸ್ ಕೂಟ, ಅಂದರೆ ವಯೋಮಾನದ ಗುಂಪುಗಳಲ್ಲಿ ನಡೆಯುವ ವಯಸ್ಕರ ಈಜು. 25 ಮೀಟರ್ ಕೊಳ, 8 ಲೇನ್, ಎಲ್ಲ ಸ್ಪರ್ಧೆಯೂ ಟೈಮ್ಡ್ ಫೈನಲ್. ಬೆಳಿಗ್ಗೆ ಹೀಟ್ಸ್ (ಒಂದೇ ಸಲಕ್ಕೆ ಈಜುವ ಒಂದೊಂದು ಗುಂಪು ಒಂದು ಹೀಟ್), ಸಂಜೆ ಫೈನಲ್ ಎಂಬ ಎರಡನೇ ಅವಕಾಶ ಇಲ್ಲಿಲ್ಲ. ಒಮ್ಮೆ ಈಜಿದ್ದೇ ಅಂತಿಮ. ಒಬ್ಬರಿಗೆ ಗರಿಷ್ಠ 6 ವೈಯಕ್ತಿಕ ಸ್ಪರ್ಧೆ, ರಿಲೇ ಅದರಿಂದ ಹೊರಗೆ. ಈ ಮಿತಿ ಕೂಟದಿಂದ ಕೂಟಕ್ಕೆ ಬದಲಾಗುತ್ತದೆ, ಆದ್ದರಿಂದ ಮಾಹಿತಿ ಪತ್ರದಲ್ಲಿ ಮೊದಲು ಓದಬೇಕಾದ ಸಾಲು ಅದೇ.

ಈ ಲಾಗ್‌ನಲ್ಲಿ ಲೆಕ್ಕಕ್ಕೆ ಹಿಡಿದಿರುವ ಮಾದರಿ: 45–49 ವಯೋಮಾನ, ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 2,000 ಮೀಟರ್ ಅಭ್ಯಾಸ. ಸಮಯಗಳು: 50 ಫ್ರೀಸ್ಟೈಲ್ 33.5, 100 ಫ್ರೀ 1:15, 200 ಫ್ರೀ 2:43, 400 ಫ್ರೀ 5:50, 50 ಬಟರ್‌ಫ್ಲೈ 38, 100 ಮೆಡ್ಲೆ (ನಾಲ್ಕೂ ಶೈಲಿ ಸರದಿಯಲ್ಲಿ) 1:27. ಮುಖ್ಯ ಗುರಿ ಒಂದೇ, 100 ಫ್ರೀ 1:15ರ ಕೆಳಗೆ ಇಳಿಯಬೇಕು. ಆದರೂ ಮೊದಲ ಪಟ್ಟಿಯಲ್ಲಿ ಆರೂ ಇವೆ, ಜೊತೆಗೊಂದು ರಿಲೇ. ಮಿತಿ 6 ಎಂದು ಕಂಡ ಕೂಡಲೇ ಆರನ್ನೂ ತುಂಬಿಸುವ ಚಪಲ ಎಲ್ಲರದ್ದೂ. 100 ಮೆಡ್ಲೆ ಪಟ್ಟಿಗೆ ಬಂದದ್ದು ಕೊಳ 25 ಮೀಟರ್ ಆದದ್ದರಿಂದ. 50 ಮೀಟರ್ ಕೊಳದ ಕೂಟದಲ್ಲಿ ಆ ಸ್ಪರ್ಧೆಯೇ ಇರುವುದಿಲ್ಲ.

ವಯೋಮಾನದ ಬಗ್ಗೆ ಒಂದು ಮಾತು: ಅಂತರರಾಷ್ಟ್ರೀಯ ಈಜು ಒಕ್ಕೂಟವಾದ ವರ್ಲ್ಡ್ ಅಕ್ವಾಟಿಕ್ಸ್ ನಿಯಮದ ಪ್ರಕಾರ ಮಾಸ್ಟರ್ಸ್ ವಯಸ್ಸನ್ನು ಸ್ಪರ್ಧೆಯ ದಿನಕ್ಕಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ಎಣಿಸುತ್ತಾರೆ. ಎಂಟ್ರಿ ಫಾರಂನಲ್ಲಿ ಹೆಚ್ಚು ತಪ್ಪಾಗುವ ಜಾಗ ಇದು.

8 ವಾರ ಮುಂಚೆ

ಸ್ಪರ್ಧೆಗಳನ್ನು ತಲೆ ಎಣಿಸಿದಂತೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. 50 ಫ್ರೀಯೂ ಒಂದು, 200 ಬಟರ್‌ಫ್ಲೈಯೂ ಒಂದು ಎಂದರೆ ಭುಜ ಒಪ್ಪುವುದಿಲ್ಲ. ಹಾಗಾಗಿ ಒಂದು ಒರಟು ಅಂಕ ಪದ್ಧತಿ: 50 ಮೀಟರಿನ ಯಾವುದಕ್ಕೂ 1, 100ಕ್ಕೆ 2, 200 ಮತ್ತು 400 ಫ್ರೀಗೆ 3, 200 ಬಟರ್‌ಫ್ಲೈ ಮತ್ತು 400 ಮೆಡ್ಲೆಗೆ 4. ರಿಲೇಯ 50ಕ್ಕೂ 1. ವಾರಕ್ಕೆ 2–3 ಸಲ ಈಜುವವರಿಗೆ ದಿನದ ಮಿತಿ 7, ವಾರಕ್ಕೆ 4–5 ಸಲ ಈಜುವವರಿಗೆ 10. ಇದು ಶಾಸ್ತ್ರವಲ್ಲ, ಕೈಲೆಕ್ಕ. ಆದರೆ ಆಸೆಗೆ ಕಡಿವಾಣ ಹಾಕಲು ಸಾಕು.

ಆರರ ಪಟ್ಟಿಗೆ ಹಾಕಿದರೆ: 400 ಫ್ರೀ 3, 50 ಬಟರ್‌ಫ್ಲೈ 1, 100 ಫ್ರೀ 2, 100 ಮೆಡ್ಲೆ 2, 50 ಫ್ರೀ 1, 200 ಫ್ರೀ 3. ಒಟ್ಟು 12, ರಿಲೇ ಸೇರಿಸಿ 13. ಮಿತಿಯ ಹತ್ತಿರ ಹತ್ತಿರ ಎರಡರಷ್ಟು.

200 ಮತ್ತು 400ಕ್ಕೆ ಒಂದೇ ಅಂಕ ಯಾಕೆ ಎಂಬ ಪ್ರಶ್ನೆ ಬರುತ್ತದೆ. 400ನ್ನು ಹದವಾದ ವೇಗದಲ್ಲಿ ಈಜಿದವರು ಇಳಿದು ಬಂದು ಮಾತಾಡಬಲ್ಲರು. 200ನ್ನು ನಿಜವಾಗಿ ಓಟದಂತೆ ಈಜಿದವರು ಗೋಡೆ ಹಿಡಿದು ನಿಲ್ಲುತ್ತಾರೆ. ಇಡೀ ದಿನದ ಮೇಲೆ ಸಾಲ ಹೊರಿಸುವ ಸ್ಪರ್ಧೆ ಅದು.

6 ವಾರ ಮುಂಚೆ

ಅಂಕಕ್ಕಿಂತ ಮುಖ್ಯವಾದದ್ದು ಬಿಡುವು. ಎರಡು ಸ್ಪರ್ಧೆಗಳ ನಡುವೆ ಎಷ್ಟು ನಿಮಿಷ ಸಿಗುತ್ತದೆ ಎನ್ನುವುದನ್ನು ಸ್ಪರ್ಧೆಗಳ ಕ್ರಮಸಂಖ್ಯೆ ಹೇಳುವುದಿಲ್ಲ; ಹೀಟ್ ಎಣಿಸಬೇಕು. ವಿಧಾನ ಸರಳ: ನಿರೀಕ್ಷಿತ ಈಜುಗಾರರ ಸಂಖ್ಯೆಯನ್ನು ಲೇನ್ ಸಂಖ್ಯೆಯಿಂದ ಭಾಗಿಸಿದರೆ ಹೀಟ್ ಎಷ್ಟೆಂದು ಸಿಗುತ್ತದೆ. ಒಂದು ಹೀಟ್‌ಗೆ 50 ಮೀಟರ್ ಆದರೆ 2 ನಿಮಿಷ, 100ಕ್ಕೆ 3, 200ಕ್ಕೆ 5, 400ಕ್ಕೆ 9. ಸಮಯವನ್ನು ನಿರ್ಧರಿಸುವುದು ಗೆದ್ದವರಲ್ಲ, ಆ ಹೀಟ್‌ನ ಕೊನೆಯ ಈಜುಗಾರರು. ಬ್ಯಾಕ್‌ಸ್ಟ್ರೋಕ್‌ನಲ್ಲಿ ಎಲ್ಲರೂ ನೀರಿಗಿಳಿದು ಹಿಡಿಗೆ ಬರಬೇಕು, ಅಲ್ಲಿ ಹೀಟ್‌ಗೆ ಅರ್ಧ ನಿಮಿಷ ಹೆಚ್ಚಿಗೆ ಹಿಡಿದರೂ ನಷ್ಟವಿಲ್ಲ.

9:00ಕ್ಕೆ ಆರಂಭ ಎಂದುಕೊಂಡು, ಹೀಟ್‌ಗಳನ್ನು ಅಂದಾಜಿಸಿ ಬಿಡಿಸಿದ ಪಟ್ಟಿ ಹೀಗಿದೆ. 400 ಫ್ರೀ 3 ಹೀಟ್, 9:27ಕ್ಕೆ ಮುಗಿಯುತ್ತದೆ. 50 ಬಟರ್‌ಫ್ಲೈ 5 ಹೀಟ್, 9:37. 100 ಬ್ರೆಸ್ಟ್‌ಸ್ಟ್ರೋಕ್ 4 ಹೀಟ್, 9:49. 100 ಫ್ರೀ 7 ಹೀಟ್, 10:10. ಆಮೇಲೆ 50 ಬ್ಯಾಕ್‌ಸ್ಟ್ರೋಕ್, 200 ಮೆಡ್ಲೆ, 15 ನಿಮಿಷದ ವಿರಾಮ, ಅಷ್ಟರಲ್ಲಿ 10:45. 100 ಮೆಡ್ಲೆ 5 ಹೀಟ್, 11:00. 50 ಫ್ರೀ 8 ಹೀಟ್, 11:16. 200 ಫ್ರೀ 3 ಹೀಟ್, 11:31. ಕೊನೆಗೆ ರಿಲೇ.

ಹೀಟ್‌ಗಳು ನಿಧಾನದಿಂದ ವೇಗಕ್ಕೆ ಸಾಗುತ್ತವೆ. 5:50 ಈಜುವವರು 400ರ ಕೊನೆಯ ಹೀಟ್‌ನಲ್ಲಿ ಬಿದ್ದರೆ 9:18ಕ್ಕೆ ಹಾರಿ 9:24ಕ್ಕೆ ಮುಗಿಸುತ್ತಾರೆ. ಬಟರ್‌ಫ್ಲೈಯಲ್ಲಿ ಅವರದ್ದು 2ನೇ ಹೀಟ್ ಆದರೆ 9:29. ನಡುವೆ ಸಿಗುವುದು 5 ನಿಮಿಷ, ಅದರಲ್ಲೂ ಈಜುಗಾರರನ್ನು ಹೀಟ್‌ಗೆ ಕರೆದು ನಿಲ್ಲಿಸುವ ಮಾರ್ಷಲ್ ಮುಂದೆ ಹಾಜರಾಗಲು 2–3 ನಿಮಿಷ ಹೋಗುತ್ತದೆ. ಅಲ್ಲಿಂದ 100 ಫ್ರೀಯ 5ನೇ ಹೀಟ್ 10:01ಕ್ಕೆ, ಅರ್ಧ ಗಂಟೆಯ ಒಳ್ಳೆಯ ಬಿಡುವು. 100 ಮೆಡ್ಲೆಯ 3ನೇ ಹೀಟ್ 10:51ಕ್ಕೆ, ಇದೂ ಆರಾಮ. 50 ಫ್ರೀಯ 6ನೇ ಹೀಟ್ 11:10ಕ್ಕೆ, 17 ನಿಮಿಷ. 200 ಫ್ರೀಯ 2ನೇ ಹೀಟ್ 11:21ಕ್ಕೆ, 10 ನಿಮಿಷ. ಅದು ಮುಗಿದು ಏಳೆಂಟು ನಿಮಿಷಕ್ಕೆಲ್ಲ ರಿಲೇಗೆ ಕರೆ.

ಪಟ್ಟಿ ನೋಡಿದರೆ ಎರಡು ಕಡೆ ಗಂಟು ಬಿದ್ದಿದೆ: 400ರಿಂದ ಬಟರ್‌ಫ್ಲೈಗೆ, 50 ಫ್ರೀಯಿಂದ 200 ಮೂಲಕ ರಿಲೇಗೆ. ನಡುವಿನ ಭಾಗ ಸಲೀಸು.

ಗಂಟು ಬಿಡಿಸಲು ಕೆಲವರು 400ಕ್ಕೆ ನಿಧಾನದ ಎಂಟ್ರಿ ಸಮಯ ಕೊಟ್ಟು ಮೊದಲ ಹೀಟ್‌ಗೆ ಜಾರಿಕೊಳ್ಳುತ್ತಾರೆ. ಸಮಯವೇ ಇಲ್ಲವೆಂದು ಬರೆದರೂ ಮೊದಲ ಹೀಟ್‌ಗೇ ಹಾಕುತ್ತಾರೆ. ಹಾಗೆ ಮಾಡಿದರೆ 18 ನಿಮಿಷ ಹೆಚ್ಚು ಸಿಗುವುದು ನಿಜ. ಆದರೆ ಪಕ್ಕದ ಲೇನಿನಲ್ಲಿ 8 ನಿಮಿಷ ಈಜುವವರ ಮೇಲೆ ಅಲೆ ಎಬ್ಬಿಸಿ ಹೋಗುವುದು ಒಳ್ಳೆಯ ನಡತೆಯಲ್ಲ, ಜೊತೆಗೆ ಓಡಿಸುವ ಎದುರಾಳಿಯೂ ಇರುವುದಿಲ್ಲ.

5 ವಾರ ಮುಂಚೆ: ಬಿಡುವಿನ ಪರೀಕ್ಷೆ

ಯಾವ ಬಿಡುವು ಸಾಕು ಎನ್ನುವುದನ್ನು ಊಹಿಸುವ ಬದಲು ಅಳೆಯಬೇಕು. ಎರಡು ಬೇರೆ ದಿನ, ನಡುವೆ ಕನಿಷ್ಠ 48 ಗಂಟೆ. ಮೊದಲ ದಿನ: 800 ಮೀಟರ್ ವಾರ್ಮ್ ಅಪ್, ಡೈವ್‌ನಿಂದ 100 ಫ್ರೀ ಪೂರ್ಣ ಬಲದಲ್ಲಿ, 12 ನಿಮಿಷ ಬಿಡುವು, ಮತ್ತೊಂದು 100. ಎರಡನೇ ದಿನ ಅದೇ ಕ್ರಮ, ಬಿಡುವು ಮಾತ್ರ 30 ನಿಮಿಷ. ಎರಡೂ ದಿನ ಬಿಡುವಿನಲ್ಲಿ 300 ಮೀಟರ್ ನಿಧಾನ ಈಜು ಇರಬೇಕು, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ.

ಒಟ್ಟು ಸಮಯವಷ್ಟೇ ಅಲ್ಲ, 50ರ ಸ್ಪ್ಲಿಟ್ (ಪ್ರತಿ 50 ಮೀಟರಿಗೆ ಹಿಡಿದ ಸಮಯ) ಕೂಡ ಬರೆಯಬೇಕು. 1:15ರ ಈಜು 35.5 ಮತ್ತು 39.5 ಎಂದು ಒಡೆದರೆ, ದಣಿದ ಎರಡನೇ ಈಜಿನಲ್ಲಿ ಮೊದಲ 50 ಹೆಚ್ಚು ಕಡಿಮೆ ಹಾಗೇ ಇದ್ದು ಎರಡನೆಯದು 41–42ಕ್ಕೆ ಜಾರುವುದು ಸಾಮಾನ್ಯ. ಎರಡನೇ 100, ಮೊದಲನೆಯದಕ್ಕಿಂತ 1 ಸೆಕೆಂಡಿನೊಳಗೆ ಹಿಂದಿದ್ದರೆ ಆ ಬಿಡುವು ಸಾಕು. 2–3 ಸೆಕೆಂಡು ಹಿಂದಿದ್ದರೆ ಮುಖ್ಯ ಸ್ಪರ್ಧೆಯ ಮುಂಚೆ ಅಂಥ ಬಿಡುವು ಬರಕೂಡದು.

ಹೀಗಾಗಲು ಕಾರಣವಿದೆ. ಮೊದಲ ಹತ್ತು ಸೆಕೆಂಡಿನ ಸ್ಫೋಟಕ್ಕೆ ಬಳಕೆಯಾಗುವ ಸ್ನಾಯುವಿನ ಫಾಸ್ಫೋಕ್ರಿಯೇಟಿನ್ 3–5 ನಿಮಿಷದಲ್ಲಿ ಬಹುಪಾಲು ಮರಳಿ ತುಂಬುತ್ತದೆ. ಅದಕ್ಕೇ 50 ಮೀಟರಿನ ನಂತರ 10 ನಿಮಿಷ ಸಿಕ್ಕರೂ ನಡೆಯುತ್ತದೆ. ಆದರೆ 100, 200ರಲ್ಲಿ ಏರುವ ಲ್ಯಾಕ್ಟೇಟ್ (ಜೋರು ಶ್ರಮದಲ್ಲಿ ಸ್ನಾಯುವಿನಲ್ಲಿ ಹುಟ್ಟುವ ವಸ್ತು) ಇಳಿಯಲು ಹತ್ತಾರು ನಿಮಿಷ ಬೇಕು, ಕುರ್ಚಿಯಲ್ಲಿ ಕುಳಿತರೆ ಇನ್ನೂ ತಡ. ನಿಧಾನ ಈಜಿನಲ್ಲಿ ಅದೇ ಸ್ನಾಯುಗಳು ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತವೆ. ‘ಸುಸ್ತಾಗಿದೆ, ಸ್ವಲ್ಪ ಕೂತ್ಕೋತೀನಿ’ ಎನ್ನುವವರೇ ಮುಂದಿನ ಸ್ಪರ್ಧೆಯ ಕೊನೆಯ 25ರಲ್ಲಿ ಕೈ ಎತ್ತಲಾರದೆ ಒದ್ದಾಡುವುದು.

3 ವಾರ ಮುಂಚೆ: ಎಂಟ್ರಿ ಕಳಿಸುವ ದಿನ

400 ತೆಗೆದದ್ದು. ಅದನ್ನು ಇಟ್ಟುಕೊಂಡು ಬಟರ್‌ಫ್ಲೈ ಬಿಡಬಹುದಿತ್ತು, ಆದರೆ ಮುಖ್ಯ ಗುರಿಯಾದ 100 ಫ್ರೀಗೆ ಅರ್ಧ ಗಂಟೆ ಮೊದಲು ಒಂದು ಚುರುಕು 50 ದೇಹವನ್ನು ಎಬ್ಬಿಸುತ್ತದೆ. ಆರು ನಿಮಿಷದ ಈಜು ಆ ಕೆಲಸ ಮಾಡುವುದಿಲ್ಲ. 38 ಸೆಕೆಂಡಿನ ಬಟರ್‌ಫ್ಲೈ ಭುಜಕ್ಕೆ ಭಾರವಾದರೆ ಮಾಸ್ಟರ್ಸ್ ನಿಯಮದಲ್ಲಿ ಒಂದು ಸಡಿಲಿಕೆಯೂ ಇದೆ: ಬಟರ್‌ಫ್ಲೈ ಕೈಗೆ ಬ್ರೆಸ್ಟ್‌ಸ್ಟ್ರೋಕ್ ಕಾಲು ಜೋಡಿಸಬಹುದು. ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟುವ ನಿಯಮಕ್ಕೆ ಮಾತ್ರ ಯಾವ ಸಡಿಲಿಕೆಯೂ ಇಲ್ಲ. ದಣಿದಾಗ ಮೊದಲು ಮರೆತುಹೋಗುವುದೂ ಅದೇ.

200 ಫ್ರೀಯೂ ಹೋಯಿತು. ಉಳಿದದ್ದು ನಾಲ್ಕು: 50 ಬಟರ್‌ಫ್ಲೈ, 100 ಫ್ರೀ, 100 ಮೆಡ್ಲೆ, 50 ಫ್ರೀ. ಅಂಕ 6, ರಿಲೇ ಸೇರಿ 7. ಮೆಡ್ಲೆ ಬೇಕಿತ್ತೇ ಎಂಬ ಅನುಮಾನ ಇನ್ನೂ ಇದೆ. ಆದರೆ ಅದು ಗುರಿಯ ಸ್ಪರ್ಧೆ ಮುಗಿದ ಮೇಲೆ ಬರುತ್ತದೆ, ಹಾಳಾದರೂ ಹಾಳಾಗುವುದು ಅದೊಂದೇ.

ರಿಲೇಯಲ್ಲಿ ಒಂದು ಲಾಭ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಮೊದಲ ಈಜುಗಾರರು ಸಾಮಾನ್ಯ ಸ್ಟಾರ್ಟ್‌ನಿಂದಲೇ ಹೊರಡುವುದರಿಂದ ಅವರ ಸ್ಪ್ಲಿಟ್ ಅಧಿಕೃತ ಸಮಯವಾಗಿ ನಿಲ್ಲಬಲ್ಲದು. ಮೆಡ್ಲೆ ರಿಲೇ ಆರಂಭವಾಗುವುದು ಬ್ಯಾಕ್‌ಸ್ಟ್ರೋಕ್‌ನಿಂದ. 50 ಬ್ಯಾಕ್‌ಸ್ಟ್ರೋಕ್ ಸಮಯ ಬೇಕಿರುವವರು ಪ್ರತ್ಯೇಕ ಎಂಟ್ರಿ ಬಿಟ್ಟು ರಿಲೇಯ ಮೊದಲ ಜಾಗ ಕೇಳಿಕೊಂಡರೆ ಒಂದು ಈಜು ಉಳಿಯುತ್ತದೆ.

ಮೊದಲ ಕೂಟದವರಿಗೆ ಈ ಲೆಕ್ಕವೆಲ್ಲ ಬೇಡ. ಎರಡು, ಹೆಚ್ಚೆಂದರೆ ಮೂರು ಸ್ಪರ್ಧೆ, 100 ದಾಟದಂತೆ. ಕರೆ ಯಾವಾಗ ಬರುತ್ತದೆ, ಯಾವ ಲೇನ್, ಎಲ್ಲಿ ನಿಲ್ಲಬೇಕು ಎಂಬ ಗಡಿಬಿಡಿಗೇ ಅರ್ಧ ಶಕ್ತಿ ಹೋಗುತ್ತದೆ. ಬ್ಲಾಕ್ ಮೇಲಿಂದ ಹಾರಲು ಅಳುಕಿದ್ದರೆ ಕೊಳದ ಅಂಚಿನಿಂದ ಅಥವಾ ನೀರಿನೊಳಗಿಂದಲೇ ಹೊರಡಲು ಮಾಸ್ಟರ್ಸ್ ನಿಯಮ ಬಿಡುತ್ತದೆ.

1 ವಾರ ಮುಂಚೆ: ಹೀಟ್ ಶೀಟ್

ಯಾರು ಯಾವ ಹೀಟ್‌ನಲ್ಲಿ ಎಂಬ ಪಟ್ಟಿ ಬಂದಿದೆ. ಅಂದಾಜು ಒಂದು ಕಡೆ ತಪ್ಪಿದೆ. 50 ಫ್ರೀಗೆ ಎಂಟ್ರಿ ಕಡಿಮೆ, 8ರ ಬದಲು 6 ಹೀಟ್. ನಮ್ಮ ಮಾದರಿಯ ಈಜು 4ನೇ ಹೀಟ್‌ಗೆ ಬಂದು 11:06 ಆಗಿದೆ. ಮೆಡ್ಲೆಯ ನಂತರ 17 ನಿಮಿಷವಿದ್ದದ್ದು 13ಕ್ಕೆ ಇಳಿಯಿತು. 50 ಆದ್ದರಿಂದ ತಡೆಯಬಹುದು; 200 ಉಳಿಸಿಕೊಂಡಿದ್ದರೆ ಇಲ್ಲಿ ಕೆಡುತ್ತಿತ್ತು. ಬೆಳಿಗ್ಗೆ ಗೈರುಹಾಜರಿ ಹೆಚ್ಚಿ ಹೀಟ್‌ಗಳು ಸೇರಿಕೊಂಡರೆ ಕೂಟ ಇನ್ನೂ ಬೇಗ ಬೇಗ ಸಾಗುತ್ತದೆ. ಹಾಗಾಗಿ ಪ್ರತಿ ಬಿಡುವಿನಿಂದಲೂ 5 ನಿಮಿಷ ಕಳೆದೇ ಯೋಜನೆ.

ಕೂಟದ ದಿನದ ಕ್ರಮ

ವಾರ್ಮ್ ಅಪ್ 800 ಮೀಟರ್, ಕೊನೆಯಲ್ಲಿ ಎರಡು ಡೈವ್ ಮತ್ತು 15 ಮೀಟರ್ ವೇಗ. ವಯಸ್ಸು ಏರಿದಂತೆ ಇದು ಉದ್ದವಾಗಬೇಕೇ ಹೊರತು ಶಕ್ತಿ ಉಳಿಸುವ ನೆಪದಲ್ಲಿ ಮೊಟಕಾಗಬಾರದು. ಬಿಗಿಯಾದ ರೇಸಿಂಗ್ ಸೂಟ್ ಹಾಕಲು 15–20 ನಿಮಿಷ ಬೇಕು, ಒದ್ದೆ ಮೈಗೆ ಇನ್ನೂ ಹೆಚ್ಚು. ವಾರ್ಮ್ ಅಪ್ ಆದ ಮೇಲೆ ಮೈ ಪೂರ್ತಿ ಒರೆಸಿಕೊಂಡು ಒಮ್ಮೆ ಹಾಕಿದರೆ ವಿರಾಮದವರೆಗೆ ತೆಗೆಯುವ ಮಾತಿಲ್ಲ. ಪ್ರತಿ 100ರ ನಂತರ 300–400 ಮೀಟರ್ ನಿಧಾನ ಈಜು, 50ರ ನಂತರ 200. ಪ್ರತ್ಯೇಕ ಕೊಳವಿಲ್ಲದಿದ್ದರೆ 8–10 ನಿಮಿಷ ನಡಿಗೆ, ತೋಳು ತಿರುಗಿಸುತ್ತ. ಒದ್ದೆ ಮೈಯಲ್ಲಿ ನಿಂತರೆ ಸ್ನಾಯು ತಣ್ಣಗಾಗಿ ವಾರ್ಮ್ ಅಪ್ ನೀರಿಗೆ ಹಾಕಿದ ಹಾಗೆ. ಮೇಲಂಗಿ, ಕಾಲುಚೀಲ ಕೈಗೆಟಕುವಂತಿರಬೇಕು. 30 ನಿಮಿಷಕ್ಕಿಂತ ಹೆಚ್ಚು ಬಿಡುವಿದ್ದಾಗ ಮಾತ್ರ ಸುಲಭವಾಗಿ ಜೀರ್ಣವಾಗುವ ಲಘು ಆಹಾರ, ಉಳಿದಂತೆ ಗುಟುಕು ಗುಟುಕಾಗಿ ನೀರು.

ಬಿಟ್ಟುಬಿಡುವ ನಿರ್ಧಾರಕ್ಕೂ ಮೊದಲೇ ಗೆರೆ ಎಳೆದಿಟ್ಟಿದೆ. ಮೆಡ್ಲೆಗೆ 15 ನಿಮಿಷ ಮುಂಚೆ ಭುಜದಲ್ಲಿ ಚುಚ್ಚುನೋವು ಇದ್ದರೆ ಮೆಡ್ಲೆ ಇಲ್ಲ, ಮಾರ್ಷಲ್‌ಗೆ ಹೇಳಿ ಹೆಸರು ತೆಗೆಸುವುದು. ಎದೆ ಬಿಗಿತ, ತಲೆಸುತ್ತು ಬಂದರೆ ಆ ದಿನದ ಯಾವುದೂ ಇಲ್ಲ, ನೇರ ವೈದ್ಯರ ಬಳಿಗೆ.

ಹೀಟ್ ಶೀಟ್‌ನ ಹಿಂಬದಿಯಲ್ಲಿ ಐದು ಕಾಲಂ ಎಳೆದಾಗಿದೆ: ಸ್ಪರ್ಧೆ, ಅಂದಾಜು ಸಮಯ, ನಿಜವಾಗಿ ಹಾರಿದ ಸಮಯ, ಹಿಂದಿನ ಈಜಿನಿಂದ ಸಿಕ್ಕ ನಿಮಿಷ, 50ರ ಸ್ಪ್ಲಿಟ್. ಪೆನ್ ಒದ್ದೆಯಲ್ಲಿ ಹರಡುತ್ತದೆ, ಪೆನ್ಸಿಲ್ ಇಟ್ಟುಕೊಳ್ಳುವುದು.