ಪೊಂಪೇಗಿಂತ ಮೊದಲು ಹರ್ಕ್ಯುಲೇನಿಯಂ ನೋಡಿ

ಇಟಲಿಯ ನೇಪಲ್ಸ್‌ಗೆ ಹೋದವರು ಸಾಮಾನ್ಯವಾಗಿ ನೇರ ಪೊಂಪೇಗೆ, ಅಂದರೆ ಜ್ವಾಲಾಮುಖಿಯಲ್ಲಿ ಹೂತುಹೋದ ರೋಮನ್ ಊರಿಗೆ ಓಡುತ್ತಾರೆ. ರೋಮನ್ನರು ಮನೆಯೊಳಗೆ ಹೇಗೆ ಬದುಕುತ್ತಿದ್ದರು ಅನ್ನೋ ಕುತೂಹಲ ನಿಮಗಿದ್ದರೆ, ಮೊದಲು ಅದರಂತೆಯೇ ಹೂತುಹೋದ ಇನ್ನೊಂದು ಊರು ಹರ್ಕ್ಯುಲೇನಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ.

ನೇಪಲ್ಸ್‌ನ ಗರಿಬಾಲ್ಡಿ ನಿಲ್ದಾಣದಲ್ಲಿ ಸೊರೆಂಟೊ ಕಡೆಯ ಲೋಕಲ್ ರೈಲು ಹತ್ತಿ, ಎರ್ಕೊಲಾನೊ ಸ್ಕಾವಿ ಅನ್ನೋ ನಿಲ್ದಾಣದಲ್ಲಿ ಇಳಿಯಿರಿ. ಸುಮಾರು 20 ನಿಮಿಷ. ರೈಲಿನಲ್ಲಿ ನೂಕುನುಗ್ಗಲು, ಪರ್ಸು ಜೋಪಾನ. ಅಲ್ಲಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಗೇಟು. ತಿಂಗಳ ಮೊದಲ ಭಾನುವಾರ ಟಿಕೆಟ್ ಇಲ್ಲ, ಆದರೆ ಜನ ಜಾಸ್ತಿ.

ಊರು ಇರುವುದು ಕೆಳಗೆ, ದೊಡ್ಡ ಹೊಂಡದಲ್ಲಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ನುಗ್ಗಿದ ಬಿಸಿ ಬೂದಿ ಇದನ್ನು ಸುಮಾರು 20 ಮೀಟರ್ ಆಳಕ್ಕೆ ಹೂತುಹಾಕಿತು. ಆ ಶಾಖಕ್ಕೆ ಮರ ಸುಟ್ಟು ಹೋಗದೆ ಇದ್ದಿಲಾಗಿ ನಿಂತಿತು. ಅದಕ್ಕೇ ಇಲ್ಲಿ ಬಾಗಿಲು, ತೊಲೆ, ಮಂಚ, ಮಹಡಿ ಎಲ್ಲ ಕಣ್ಣಿಗೆ ಸಿಗುತ್ತವೆ.

ಬೀದಿಗಳು ನೇರ, ದಾರಿ ತಪ್ಪುವ ಭಯವಿಲ್ಲ. ಆದರೆ ಕಲ್ಲುಹಾಸು ಏರುಪೇರು, ಫುಟ್‌ಪಾತ್ ಎತ್ತರ. ಅಮ್ಮನ ಮಂಡಿಗೆ ಕಷ್ಟವಾಯಿತು. ಚಪ್ಪಲಿ ಬೇಡ, ಶೂ ಹಾಕಿ. ನೆರಳೂ ಕಡಿಮೆ, ಬೆಳಗ್ಗೆಯೇ ಹೋಗಿ. ರಿಪೇರಿಗೆಂದು ಕೆಲವು ಮನೆ ಮುಚ್ಚಿರುತ್ತವೆ, ಯಾವುವು ಅಂತ ಗೇಟಿನಲ್ಲೇ ಕೇಳಿಕೊಳ್ಳಿ.

ಮರದ ತಡಿಕೆ ಮನೆ ಅಂತ ಒಂದಿದೆ, ಅದನ್ನು ಬಿಡಲೇಬೇಡಿ. ಒಳಗೆ ಕಾಲಿಟ್ಟ ಕೂಡಲೇ ಅಮ್ಮ, "ಇದು ನಮ್ಮ ತೊಟ್ಟಿ ಮನೆಯೇ ಅಲ್ವೇನೇ?" ಅಂದರು. ನಿಜ, ಮೇಲೆ ಬಯಲು, ಕೆಳಗೆ ಮಳೆನೀರು ಬೀಳುವ ತೊಟ್ಟಿ. ಅದರಾಚೆ ಮನೆ ಯಜಮಾನನ ಕೋಣೆಗೆ ಅಡ್ಡಲಾಗಿ ಕಪ್ಪಗೆ ಇದ್ದಿಲಾದ ಮರದ ತಡಿಕೆ, ಈಗ ಗಾಜಿನ ಹಿಂದೆ. ಹತ್ತಿರ ಹೋಗಿ ನೋಡಿ. ದೀಪ ತೂಗುಹಾಕುತ್ತಿದ್ದ ಕಂಚಿನ ಕೊಕ್ಕೆಗಳು ಹಾಗೇ ಇವೆ.

ನೆಪ್ಚೂನನ ಮನೆಯ ಗಾಜಿನ ಮೊಸಾಯಿಕ್ ಮುಂದೆ ಎಲ್ಲರೂ ಫೋಟೋ ತೆಗೆಯುತ್ತಾರೆ. ನೀವು ಪಕ್ಕದ ಅಂಗಡಿಯನ್ನೂ ನೋಡಿ. ಮಣ್ಣಿನ ಜಾಡಿಗಳನ್ನು ಒರಗಿಸಿಟ್ಟ ಮರದ ಅಟ್ಟ ಇನ್ನೂ ಇದೆ. ಬಡವರ ವಾಸ ನೋಡಬೇಕಾದರೆ ಕಾಸಾ ಎ ಗ್ರಾತಿಚ್ಚೊ ಅನ್ನೋ ಮನೆಗೆ ಹೋಗಿ. ಮರದ ಚೌಕಟ್ಟಿಗೆ ಕಲ್ಲುಚೂರು, ಗಾರೆ ತುಂಬಿದ ಅಗ್ಗದ ಗೋಡೆ, ಫುಟ್‌ಪಾತ್ ಮೇಲೆ ಚಾಚಿದ ಬಾಲ್ಕನಿ.

ಇಂಥ ಸಣ್ಣ ಮನೆಯವರು ಏನು ತಿನ್ನುತ್ತಿದ್ದರು? ಕಾರ್ಡೊ 5 ಅನ್ನುವ ಬೀದಿಯ ಕೆಳಗಿನ ಚರಂಡಿಯನ್ನು ಅಗೆದಾಗ ಉತ್ತರ ಸಿಕ್ಕಿತು. ಮೇಲಿನ ಅಂಗಡಿ, ಮನೆಗಳ ಕಕ್ಕಸು, ಅಡುಗೆಮನೆ ಕಸ ಎಲ್ಲ ಅಲ್ಲಿಗೇ ಬೀಳುತ್ತಿತ್ತು. ಮೀನಿನ ಮುಳ್ಳು, ಮೊಟ್ಟೆ ಚಿಪ್ಪು, ಅಂಜೂರದ ಬೀಜ, ಆಲಿವ್ ಬೀಜ. ಚೆನ್ನಾಗಿಯೇ ಉಣ್ಣುತ್ತಿದ್ದರು.

ಆಗ ಕಡಲಂಚಿನಲ್ಲಿದ್ದ, ದೋಣಿ ಇಡುತ್ತಿದ್ದ ಕಮಾನು ಕೋಣೆಗಳನ್ನು ಕೊನೆಗೆ ಇಟ್ಟುಕೊಳ್ಳಿ, ಮನೆಗಳನ್ನು ನೋಡಿದ ಮೇಲೆ. ವೆಸೂವಿಯಸ್ ಸಿಡಿದಾಗ ಸುಮಾರು 300 ಜನ ಅಲ್ಲಿ ಒತ್ತೊತ್ತಾಗಿ ಸೇರಿ ಸತ್ತರು. ಕೆಲವರ ಬಳಿ ಮನೆಯ ಬೀಗದ ಕೈ ಇತ್ತು. ಅಮ್ಮ ಅಲ್ಲಿ ತುಂಬಾ ಹೊತ್ತು ನಿಂತಿದ್ದರು.