ನಾಲ್ಕು ಜನರ ಊಟಕ್ಕೆ ಇಷ್ಟು ವರ್ಷದ ಓದು ಬೇಕಾ?

ಮೊನ್ನೆ ಬಸವನಗುಡಿಯಲ್ಲಿ ಒಂದು ಮದುವೆ. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲೇ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ, ಎಲ್ಲರೂ ಕೇಳುವುದನ್ನೇ ಕೇಳಿದರು. "ಬಾಹ್ಯಾಕಾಶಕ್ಕೆ ಹೋಗೋರು ಮೂರೋ ನಾಲ್ಕೋ ಜನ ಅಲ್ವೇನೇ? ಅವರ ಊಟ ನೋಡ್ಕೊಳ್ಳೋಕೆ ಪಿಎಚ್‌ಡಿ ಯಾಕೆ?" ಆಟೋದವರು ಕೇಳಿದ್ದಾರೆ, ಮಕ್ಕಳನ್ನು ಕರೆದುಕೊಂಡು ಸಲಹೆಗೆ ಬರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಪಂಕ್ತಿಯಲ್ಲಿ ಕೂತು ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಬಾಹ್ಯಾಕಾಶ ಪೋಷಣೆ, ಅಂದರೆ ಅಲ್ಲಿಗೆ ಹೋದವರ ಮೈಗೆ ಆಹಾರ ಹೇಗೆ ಹತ್ತುತ್ತದೆ ಎಂದು ನೋಡುವ ಕೆಲಸ. ಅಡುಗೆ ನಾನು ಮಾಡುವುದಿಲ್ಲ. ಅದು ನಮ್ಮಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವಾದ ಡಿಎಫ್‌ಆರ್‌ಎಲ್‌ನವರ ಕೆಲಸ. 1984ರಲ್ಲಿ ರಾಕೇಶ್ ಶರ್ಮಾ ಹೋದಾಗ ಅವರೇ ತಿನಿಸು ಮಾಡಿಕೊಟ್ಟಿದ್ದರು, ಗಗನಯಾನಕ್ಕೂ ಅವರೇ. ನನ್ನ ಕೆಲಸ ಶುರುವಾಗುವುದು ಊಟ ಆದ ಮೇಲೆ: ಒಳಗೆ ಎಷ್ಟು ಹೋಯಿತು, ಮೈಗೆ ಎಷ್ಟು ಹತ್ತಿತು, ಮೂತ್ರದಲ್ಲಿ ಎಷ್ಟು ಹೊರಗೆ ಬಂತು. 1973-74ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಇದ್ದವರು ತಿಂದದ್ದನ್ನೆಲ್ಲ ಬರೆದಿಟ್ಟು, ಮೂತ್ರದ ಮಾದರಿಯನ್ನು ಹೆಪ್ಪುಗಟ್ಟಿಸಿ, ಮಲವನ್ನು ಒಣಗಿಸಿ ಭೂಮಿಗೆ ತಂದರು. ಬಾಹ್ಯಾಕಾಶದಲ್ಲಿ ಮೈಯಿಂದ ಕ್ಯಾಲ್ಸಿಯಂ ಹೇಗೆ ಸೋರಿಹೋಗುತ್ತದೆ ಅನ್ನುವುದು ಗಟ್ಟಿಯಾಗಿ ಗೊತ್ತಾದದ್ದು ಅದರಿಂದ. ಅವರ ತಾಳ್ಮೆ ನೆನೆದರೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಸೋರುವುದು ಸ್ವಲ್ಪ ಅಲ್ಲ. ಸೊಂಟ, ತೊಡೆಯಂಥ ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುತ್ತದೆ, ವಯಸ್ಸಾದವರಿಗೆ ಇಲ್ಲಿ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಇಳಿಯುವಷ್ಟು. ಅದಕ್ಕೇ ದಿನಕ್ಕೆ ಎರಡು ಗಂಟೆ ವ್ಯಾಯಾಮ. "ಹಾಗಾದ್ರೆ ಹಾಲು ಜಾಸ್ತಿ ಕುಡಿಸಿ" ಅನ್ನುತ್ತಾರೆ. ಆದರೆ ಅಲ್ಲಿ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದೇ ಕಡಿಮೆ, ಮೂಳೆ ಬಿಟ್ಟದ್ದು ಮೂತ್ರಕ್ಕೆ ಇಳಿಯುತ್ತಿರುವಾಗ ಕಿಡ್ನಿ ಕಲ್ಲಿನ ಭಯ ಬೇರೆ. ಬಿಸಿಲು ಮೈಗೆ ಬೀಳುವುದಿಲ್ಲ, ಹಾಗಾಗಿ ವಿಟಮಿನ್ ಡಿ ಮಾತ್ರೆ. ಉಪ್ಪು ಜಾಸ್ತಿಯಾದರೆ ಕ್ಯಾಲ್ಸಿಯಂ ಇನ್ನೂ ಹೋಗುತ್ತದೆ. ನಾಸಾದವರು ಹತ್ತಾರು ತಿನಿಸುಗಳನ್ನು ಮತ್ತೆ ಮೊದಲಿನಿಂದ ತಯಾರಿಸಿ, ದಿನಕ್ಕೆ 5.3 ಗ್ರಾಂ ಇದ್ದ ಸೋಡಿಯಂ ಅನ್ನು 3 ಗ್ರಾಂ ಹತ್ತಿರಕ್ಕೆ ತಂದರು. ಇನ್ನು ಕಬ್ಬಿಣ. ನಮ್ಮ ಹೆಣ್ಣುಮಕ್ಕಳಿಗೆ ಮಾತ್ರೆ ಕೊಟ್ಟರೂ ಸಾಲದ ಕಬ್ಬಿಣ ಅಲ್ಲಿ ಜಾಸ್ತಿಯಾಗಿ ತೊಂದರೆ ಕೊಡುತ್ತದೆ, ಯಾಕೆಂದರೆ ಹೋದ ಹೊಸದರಲ್ಲಿ ಕೆಂಪು ರಕ್ತಕಣ ಇಳಿದು, ಅದರಲ್ಲಿದ್ದ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಅಲುಗಾಡುತ್ತದೆ.

ನಾನು ಇದಕ್ಕೆ ಬಂದದ್ದು ರಾಕೆಟ್ ನೋಡಿ ಅಲ್ಲ. ಬಿಎಸ್ಸಿ ಓದುವಾಗ ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೂರು ತಿಂಗಳು ಮಲಗಿದಲ್ಲೇ. ದಿನಾ ಸಂಜೆ ಕಾಲು ಒತ್ತುತ್ತಿದ್ದೆ, ವಾರದಿಂದ ವಾರಕ್ಕೆ ಮೀನಖಂಡ ಸಣ್ಣಗಾಗುವುದು ಕೈಗೇ ಗೊತ್ತಾಗುತ್ತಿತ್ತು. ಗಂಜಿ, ಹಾಲು, ಹಣ್ಣು, ಅಮ್ಮ ಎಲ್ಲ ಕೊಟ್ಟರು. ಯಾವುದೂ ಹತ್ತಲಿಲ್ಲ. ಆಮೇಲೆ ಎಂಎಸ್ಸಿಯಲ್ಲಿ ಓದಿದೆ: ಬಾಹ್ಯಾಕಾಶದಲ್ಲಿ ಆಗುವುದನ್ನು ನೆಲದ ಮೇಲೇ ನೋಡಲು, ಆರೋಗ್ಯವಂತರನ್ನು ತಲೆ 6 ಡಿಗ್ರಿ ಕೆಳಗಿರುವಂಥ ಮಂಚದಲ್ಲಿ ವಾರಗಟ್ಟಲೆ, ಕೆಲವೊಮ್ಮೆ 60 ದಿನ ಮಲಗಿಸಿ, ಎಷ್ಟು ಪ್ರೋಟೀನ್ ಕೊಟ್ಟರೆ, ಯಾವ ವ್ಯಾಯಾಮ ಸೇರಿಸಿದರೆ ಮಾಂಸಖಂಡ ಉಳಿಯುತ್ತದೆ ಎಂದು ಅಳೆಯುತ್ತಾರೆ. ಆ ರಾತ್ರಿ ಲೈಬ್ರರಿ ಮುಚ್ಚುವವರೆಗೂ ಕೂತಲ್ಲಿಂದ ಏಳಲಿಲ್ಲ. ನಾಲ್ಕು ಜನರ ಊಟ ಅನ್ನುತ್ತೀರಲ್ಲ ದೊಡ್ಡಮ್ಮ, ಅದನ್ನು ಓದುವಾಗ ನನಗೆ ಕಂಡದ್ದು ಅಜ್ಜಿಯ ಮಂಚ.

ಏನು ಓದಬೇಕು ಅಂತಲೂ ಕೇಳುತ್ತಾರೆ. ಬಾಹ್ಯಾಕಾಶ ಪೋಷಣೆ ಅನ್ನುವ ಹೆಸರಿನ ಡಿಗ್ರಿ ಹುಡುಕಬೇಡಿ. ಬಯೋಕೆಮಿಸ್ಟ್ರಿ ಅಥವಾ ನ್ಯೂಟ್ರಿಷನ್ ಚೆನ್ನಾಗಿ ಓದಿ, ಅಂಕಿಅಂಶ ಲೆಕ್ಕ ಹಾಕಲು ಕಲಿಯಿರಿ. ಡಾಕ್ಟರಾಗುವವರಿಗೆ ಇಲ್ಲೇ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, ಗಗನಯಾತ್ರಿಗಳ ಆಯ್ಕೆಯ ವೈದ್ಯಕೀಯ ಪರೀಕ್ಷೆ ನಡೆದದ್ದು ಅಲ್ಲೇ. ಕೆಲಸಗಳು ಕಡಿಮೆ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ತಿಂಗಳು ಒಂದೇ ಕೆಲಸ: ಮಲಗಿದಲ್ಲೇ ಇರುವ ಹಿರಿಯರು ತಿಂದದ್ದು, ತಟ್ಟೆಯಲ್ಲಿ ಬಿಟ್ಟದ್ದು ಎರಡನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಬರೆಯುವುದು.